ಕೈ ಎತ್ತುವ ಮೊದಲು ಲೆಕ್ಕ ಓದಿ ಹೇಳುವವರು ಬೇಕು: ಮಹಾರಾಷ್ಟ್ರದ ಶಾಸಕರಿಗೊಂದು ಬಹಿರಂಗ ಪತ್ರ

ಮಹಾರಾಷ್ಟ್ರ ವಿಧಾನಸಭೆಯ 288 ಮತ್ತು ವಿಧಾನ ಪರಿಷತ್ತಿನ 78 ಸದಸ್ಯರಿಗೆ ನಮಸ್ಕಾರ.

ನಾನು ಡೊಂಬಿವಲಿಯಲ್ಲಿರುವ ಕನ್ನಡಿಗ. ಹೋಟೆಲು, ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕಸುಬು. ಈ ಪತ್ರದ ಮರಾಠಿ ಪ್ರತಿಯನ್ನು ವಿಧಾನ ಭವನಕ್ಕೆ ಕಳಿಸುತ್ತಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು ನಮ್ಮವರು ಓದಲಿ ಅಂತ. ಮುಂಬಯಿ, ಠಾಣೆ, ಪುಣೆಯ ಕನ್ನಡಿಗರು ಇಲ್ಲೇ ದುಡಿಯುತ್ತೇವೆ, ಇಲ್ಲೇ ತೆರಿಗೆ ಕಟ್ಟುತ್ತೇವೆ, ಇಲ್ಲೇ ಓಟು ಹಾಕುತ್ತೇವೆ. ಆದರೆ ನಾಲ್ಕು ಜನ ಸೇರಿದರೆ ಬೆಂಗಳೂರಿನ ಬಜೆಟ್ಟಿನದೇ ಮಾತು. ನಮ್ಮ ಜೇಬಿಗೆ ಕೈ ಹಾಕುವುದು ಮುಂಬಯಿಯ ಮಂತ್ರಾಲಯ, ಅಂದರೆ ಇಲ್ಲಿನ ಸರ್ಕಾರದ ಸಚಿವಾಲಯ ಅಲ್ವಾ?

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಿಮಗಾಗಿ ಬಜೆಟ್ ಓದುವ ಒಂದು ಕಚೇರಿ ಮಾಡಿಕೊಳ್ಳಿ. ಅದು ಸರ್ಕಾರದ ಕಚೇರಿ ಆಗಬಾರದು, ಸದನದ ಕಚೇರಿ ಆಗಬೇಕು. ಆಳುವವರು, ವಿರೋಧದವರು ಯಾರೇ ಕೇಳಿದರೂ ಒಂದೇ ಲೆಕ್ಕ ಕೊಡಬೇಕು. ನೀವು ಮತ ಹಾಕುವ ಮೊದಲು ಕೊಡಬೇಕು.

ಯಾಕೆ ಅಂತ ಹೇಳಲು 2024ರ ಮಳೆಗಾಲ ನೆನಪಿಸುತ್ತೇನೆ. ಆ ವರ್ಷ ಲೋಕಸಭಾ ಚುನಾವಣೆ ಇದ್ದುದರಿಂದ ಫೆಬ್ರವರಿ 27ರಂದು ಮಧ್ಯಂತರ ಬಜೆಟ್ ಬಂತು. ಅದರಲ್ಲಿ ರಾಜಸ್ವ ಕೊರತೆ, ಅಂದರೆ ದಿನನಿತ್ಯದ ಖರ್ಚಿಗೆ ಆದಾಯ ಸಾಲದೆ ಬೀಳುವ ಕೊರತೆ, 9,734 ಕೋಟಿ ರೂಪಾಯಿ. ಜೂನ್ 28ರಂದು ಪೂರ್ಣ ಬಜೆಟ್ ಬಂದಾಗ ಅದೇ ವರ್ಷದ ಅದೇ ಕೊರತೆ 20,051 ಕೋಟಿ ಆಗಿತ್ತು. ನಾಲ್ಕೇ ತಿಂಗಳಲ್ಲಿ ಎರಡು ಪಟ್ಟು. ಒಟ್ಟು ಖರ್ಚು 6,12,293 ಕೋಟಿ. ಇಷ್ಟಾದ ಮೇಲೆ, ಇನ್ನೂ ಜುಲೈ ಮಧ್ಯಕ್ಕೆ ಬರುವ ಮೊದಲೇ, 94,889 ಕೋಟಿ ರೂಪಾಯಿಯ ಪೂರಕ ಬೇಡಿಕೆ, ಅಂದರೆ ಬಜೆಟ್ಟಿನ ಮೇಲೆ ಇನ್ನೂ ಹಣ ಬೇಕು ಅನ್ನುವ ಬೇಡಿಕೆ, ಸದನಕ್ಕೆ ಬಂತು. ಬಜೆಟ್ಟಿನ ನೂರಕ್ಕೆ ಹದಿನೈದು ಪಾಲು! ಅಧಿವೇಶನದ ಕೊನೆಯ ದಿನಗಳು ಅವು. ನೀವು ಒಪ್ಪಿಗೆ ಕೊಟ್ಟಿರಿ.

ಪೂರಕ ಬೇಡಿಕೆ ಅಂದರೆ ತಪ್ಪು ಅಂತ ನಾನು ಹೇಳುತ್ತಿಲ್ಲ. ಸಂವಿಧಾನದ 205ನೇ ವಿಧಿಯೇ ಅದಕ್ಕೆ ಅವಕಾಶ ಕೊಟ್ಟಿದೆ. ಮಳೆ ಬಂದು ರಸ್ತೆ ಕೊಚ್ಚಿಹೋದರೆ ಮುಂದಿನ ಮಾರ್ಚ್‌ವರೆಗೆ ಕಾಯಲಾಗುವುದಿಲ್ಲ. ಆದರೆ ಆ ಪುಸ್ತಕದಲ್ಲಿ ಬರೀ ಹೊಸ ಖರ್ಚು ಇರುವುದಿಲ್ಲ. ಒಂದಷ್ಟು ಒಂದು ಲೆಕ್ಕಶೀರ್ಷಿಕೆಯಿಂದ ಇನ್ನೊಂದು ಲೆಕ್ಕಶೀರ್ಷಿಕೆಗೆ ಬರೆಯುವ ಹೊಂದಾಣಿಕೆ. ಒಂದಷ್ಟು ಕೇಂದ್ರದಿಂದ ಬರುವ ಹಣ. ಉಳಿದದ್ದು ರಾಜ್ಯದ ತಲೆಯ ಮೇಲೆ ನಿಜವಾಗಿ ಬೀಳುವ ಹೊರೆ. ಈ ಮೂರನ್ನು ಬೇರೆ ಮಾಡಿ, ಇಷ್ಟು ಹೊರೆ, ಇದಕ್ಕೆ ಹಣ ಇಲ್ಲಿಂದ, ಇದರಲ್ಲಿ ಇಂತಿಷ್ಟು ಎರಡು ವಾರವೂ ಆಗದ ಬಜೆಟ್ಟಿನಲ್ಲೇ ಇರಬೇಕಿತ್ತು ಅಂತ ಒಂದು ಪುಟದಲ್ಲಿ ಬರೆದುಕೊಡುವವರು ನಿಮ್ಮ ಬಳಿ ಯಾರಿದ್ದಾರೆ? ಸರ್ಕಾರಕ್ಕೆ ಹಣಕಾಸು ಇಲಾಖೆ ಇದೆ, ಯೋಜನಾ ಇಲಾಖೆ ಇದೆ, ಅರ್ಥ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಇದೆ. 2022ರಿಂದ ‘ಮಿತ್ರಾ’ ಅನ್ನುವ ಸಲಹಾ ಸಂಸ್ಥೆಯೂ ಇದೆ. ಮುಖ್ಯಮಂತ್ರಿಗಳ ಬಳಿ ಫೆಲೋಶಿಪ್ ಮೇಲೆ ಬಂದ ಚುರುಕು ಹುಡುಗ ಹುಡುಗಿಯರೂ ಇದ್ದಾರೆ. ನಿಮ್ಮ ಬಳಿ ಪಿ.ಎ. ಇದ್ದಾರೆ. ಪಾಪ, ಅವರು ಮದುವೆ ಆಮಂತ್ರಣ, ವರ್ಗಾವಣೆ ಅರ್ಜಿ, ಆಸ್ಪತ್ರೆ ಚೀಟಿ ನೋಡಿಕೊಳ್ಳುವುದರಲ್ಲೇ ಸುಸ್ತು.

ನನ್ನ ಕಸುಬಿನ ಮಾತಲ್ಲಿ ಹೇಳುವುದಾದರೆ, ಅಡುಗೆ ಭಟ್ಟರೇ ಸಾಮಾನು ತಂದು, ಭಟ್ಟರೇ ರೇಟು ಬರೆದು, ಭಟ್ಟರೇ ಒಟ್ಟು ಕೂಡಿಸಿ ಕೊಟ್ಟ ಚೀಟಿಗೆ ಹೋಟೆಲಿನ ಯಜಮಾನ ಸಹಿ ಹಾಕಿದ ಹಾಗಿದೆ ಇದು. ಭಟ್ಟರು ಪ್ರಾಮಾಣಿಕರೇ ಇರಬಹುದು. ಆದರೂ ಯಾವ ಯಜಮಾನನೂ ಹಾಗೆ ಸಹಿ ಹಾಕುವುದಿಲ್ಲ.

ಈಗ ಹೆಂಗಸರ ಖಾತೆಗೆ ತಿಂಗಳು ತಿಂಗಳು ಹಣ ಹಾಕುವ ಲಾಡಕಿ ಬಹೀಣ್ ಯೋಜನೆಗೆ ಬರುತ್ತೇನೆ. ಇದನ್ನು ಎತ್ತಿದ ಕೂಡಲೇ ನಾನು ಯಾವ ಪಕ್ಷ ಅಂತ ಹುಡುಕಬೇಡಿ. 2024ರ ಆಗಸ್ಟ್‌ನಲ್ಲಿ ರಾಖಿ ಹಬ್ಬದ ಹೊತ್ತಿಗೆ ಎರಡು ಕಂತು ಒಟ್ಟಿಗೆ, 3,000 ರೂಪಾಯಿ, ಖಾತೆಗೆ ಬಿತ್ತು. ನಮ್ಮ ಬಿಲ್ಡಿಂಗಿನಲ್ಲಿ ಕೆಲಸ ಮಾಡುವ ಹೆಂಗಸರ ಮುಖ ನಾನು ನೋಡಿದ್ದೇನೆ. ಆ ಹಣ ಟ್ಯೂಷನ್ ಫೀಸಿಗೆ ಹೋಯಿತು, ಗ್ಯಾಸಿಗೆ ಹೋಯಿತು. ಯೋಜನೆ ಬೇಡ ಅನ್ನಲು ನಾನು ಯಾರು? ನನ್ನ ಮಾತು ಲೆಕ್ಕದ ಬಗ್ಗೆ ಮಾತ್ರ.

ತಿಂಗಳಿಗೆ 1,500 ಅಂದರೆ ವರ್ಷಕ್ಕೆ ಒಬ್ಬರಿಗೆ 18,000. ಎರಡೂವರೆ ಕೋಟಿ ಹೆಂಗಸರಿಗೆ 45,000 ಕೋಟಿ. ಸರ್ಕಾರ ಮೊದಲು ಹೇಳಿದ 46,000 ಕೋಟಿ ಇದಕ್ಕೆ ಹೊಂದುತ್ತದೆ. ಆಮೇಲೆ 2025ರ ಮಾರ್ಚ್‌ನಲ್ಲಿ ಬಂದ ಬಜೆಟ್ಟಿನಲ್ಲಿ ಇಡೀ ವರ್ಷಕ್ಕೆ ಇಟ್ಟಿದ್ದು 36,000 ಕೋಟಿ. ಇದನ್ನು 18,000ದಿಂದ ಭಾಗಿಸಿ ನೋಡಿ. ಸರಿಯಾಗಿ ಎರಡು ಕೋಟಿ ಬರುತ್ತದೆ. ಆಗ ಹಣ ಪಡೆಯುತ್ತಿದ್ದವರು ಅದಕ್ಕಿಂತ ಎಷ್ಟೋ ಜಾಸ್ತಿ. ಹಾಗಾದರೆ ಒಂದೋ ಲಕ್ಷಾಂತರ ಹೆಂಗಸರ ಹೆಸರು ಹೋಗುತ್ತದೆ, ಇಲ್ಲವೋ ವರ್ಷದ ಮಧ್ಯೆ ಹಣ ಸಾಲದೆ ಮತ್ತೆ ಪೂರಕ ಬೇಡಿಕೆ ಬರುತ್ತದೆ. ಎರಡರಲ್ಲಿ ಯಾವುದು? ನಾಲ್ಕನೇ ಕ್ಲಾಸಿನ ಭಾಗಾಕಾರದಿಂದ ಹುಟ್ಟುವ ಈ ಪ್ರಶ್ನೆ ಬಜೆಟ್ ದಿನವೇ ನಿಮ್ಮೆಲ್ಲರ ಟೇಬಲ್ ಮೇಲೆ ಇರಬೇಕಿತ್ತು. ಆಮೇಲೆ ಜೂನ್‌ನಿಂದ 26 ಲಕ್ಷಕ್ಕೂ ಜಾಸ್ತಿ ಜನರ ಹಣ ತಡೆದರು, ಅವರು ಅರ್ಹರಲ್ಲ ಅಂತ. ಇಷ್ಟು ಜನಕ್ಕೆ ತಿಂಗಳಿಗೆ 1,500ರಂತೆ ಅಂದರೆ ಸುಮಾರು 390 ಕೋಟಿ. ಅರ್ಜಿ ತೆಗೆದುಕೊಳ್ಳುವ ಮೊದಲೇ ರೇಷನ್ ಕಾರ್ಡು, ಆದಾಯ ತೆರಿಗೆ, ವಾಹನ ನೋಂದಣಿ ಪಟ್ಟಿಗಳನ್ನು ತಾಳೆ ನೋಡಿ, ಅರ್ಹರು ಎಷ್ಟು ಜನ ಆಗಬಹುದು ಅಂತ ಯಾರಾದರೂ ಸದನಕ್ಕೆ ಹೇಳಿದ್ದರೆ? ಹೆಸರು ಹೋದ ಹೆಂಗಸರಲ್ಲಿ ನಿಜಕ್ಕೂ ಅರ್ಹರು ಎಷ್ಟು ಅನ್ನುವುದನ್ನೂ ಅದೇ ಕಚೇರಿ ಕೇಳುತ್ತಿತ್ತು.

ನನ್ನದು ಒರಟು ಲೆಕ್ಕ. ಬೇರೆ ಯೋಜನೆಯಲ್ಲಿ 1,000 ಸಿಗುವವರಿಗೆ ಇದರಲ್ಲಿ ಬರುವುದು 500 ಮಾತ್ರ, ಅದನ್ನು ನಾನು ಬಿಟ್ಟಿದ್ದೇನೆ. ಚುನಾವಣೆಯಲ್ಲಿ 2,100 ಕೊಡುತ್ತೇವೆ ಅಂದರು. ಅದೇ ಎರಡೂವರೆ ಕೋಟಿ ಜನಕ್ಕೆ ಅದು 63,000 ಕೋಟಿ ಆಗುತ್ತದೆ. ಈ ಹೆಚ್ಚಿನ ಹಣ ಸಾಲದಿಂದ ಬಂದರೆ ಬಡ್ಡಿ ಎಷ್ಟು, ಬೇರೆ ಇಲಾಖೆಯಿಂದ ಕಿತ್ತರೆ ಯಾವ ಇಲಾಖೆ ಬಡವಾಗುತ್ತದೆ ಅನ್ನುವುದಕ್ಕೆ ನನ್ನಂಥವನ ಕ್ಯಾಲ್ಕುಲೇಟರ್ ಸಾಲದು. ಅಲ್ಲಿ ನುರಿತವರು ಬೇಕು. ಕರ್ನಾಟಕದಲ್ಲೂ ಕಥೆ ಬೇರೆ ಅಲ್ಲ. ಅಲ್ಲಿ ಐದು ಗ್ಯಾರಂಟಿಗಳಿಗೆ 2024-25ರಲ್ಲಿ ಇಟ್ಟಿದ್ದು 52,000 ಕೋಟಿಗೂ ಮೇಲೆ. ಪರ ಇರುವವರು ಪರವಾಗಿ ಕೂಗುತ್ತಾರೆ, ವಿರೋಧದವರು ವಿರೋಧವಾಗಿ. ಇಬ್ಬರೂ ನಂಬುವ ಒಂದು ಲೆಕ್ಕ ಅಲ್ಲೂ ಇಲ್ಲ.

ಇಂಥ ಕಚೇರಿ ಹೊಸ ಕಲ್ಪನೆ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1941ರಿಂದ ಇದೆ. ಲೆಜಿಸ್ಲೇಟಿವ್ ಅನಲಿಸ್ಟ್ಸ್ ಆಫೀಸ್ ಅಂತ ಹೆಸರು. ಅದು ಹುಟ್ಟಿದ ರೀತಿ ನಿಮಗೆ ಇಷ್ಟವಾಗಬಹುದು. ಅಲ್ಲಿ ಗವರ್ನರ್ ಅಂದರೆ ಜನರೇ ಆರಿಸುವ, ನಮ್ಮ ಮುಖ್ಯಮಂತ್ರಿಯ ಹಾಗೆ ರಾಜ್ಯ ಆಳುವವರು. ಅಲ್ಲಿನ ಶಾಸಕರಿಗೂ ಆಗ ಗವರ್ನರ್ ಕಡೆಯವರು ಕೊಟ್ಟ ಅಂಕಿ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಸ್ವಂತ ಕಚೇರಿಗೆ ಮಸೂದೆ ತಂದರು, ಗವರ್ನರ್ ಸಹಿ ಹಾಕಲಿಲ್ಲ. ಆಗ ಎರಡೂ ಸದನದವರು ಸೇರಿ ತಮ್ಮದೇ ಜಂಟಿ ನಿಯಮ ಮಾಡಿಕೊಂಡು ಕಚೇರಿ ತೆರೆದೇಬಿಟ್ಟರು. ಈಗ ಅದನ್ನು ನೋಡಿಕೊಳ್ಳುವುದು 16 ಸದಸ್ಯರ ಜಂಟಿ ಸಮಿತಿ. ಒಂದೊಂದು ಸದನದಿಂದ ಎಂಟೆಂಟು ಜನ, ಎರಡೂ ಪಕ್ಷದವರು. ಕೆಲಸಕ್ಕೆ ಇರುವ ವಿಶ್ಲೇಷಕರು ಬರೀ ನಲವತ್ತು ಚಿಲ್ಲರೆ.

ಅವರ ವರ್ಷ ಹೇಗೆ ಸಾಗುತ್ತದೆ ನೋಡಿ. ಅಲ್ಲಿ ಹಣಕಾಸು ವರ್ಷ ಜುಲೈ 1ಕ್ಕೆ ಶುರು. ಅದಕ್ಕೂ ಏಳೆಂಟು ತಿಂಗಳು ಮೊದಲೇ, ನವೆಂಬರ್ ಡಿಸೆಂಬರ್ ಸುಮಾರಿಗೆ, ಮುಂದೆ ಆದಾಯ ಎಷ್ಟು ಬಂದೀತು, ಈಗಿರುವ ಯೋಜನೆಗಳಿಗೇ ಎಷ್ಟು ಬೇಕು ಅಂತ ಈ ಕಚೇರಿ ತನ್ನ ಅಂದಾಜು ಹೊರಗಿಡುತ್ತದೆ. ಜನವರಿ 10ರ ಒಳಗೆ ಗವರ್ನರ್ ಬಜೆಟ್ ಕೊಡಬೇಕು. ಆಮೇಲೆ ಶಾಲೆ, ಜೈಲು, ನೀರು, ಆರೋಗ್ಯ ಅಂತ ಒಂದೊಂದರ ಮೇಲೂ ಈ ಕಚೇರಿಯ ವರದಿಗಳು ಸಾಲಾಗಿ ಬರುತ್ತವೆ. ಸಮಿತಿ ಕೂತಾಗ ಸರ್ಕಾರದ ಹಣಕಾಸು ಅಧಿಕಾರಿಯ ಜೊತೆಗೇ ಈ ಕಚೇರಿಯ ವಿಶ್ಲೇಷಕರೂ ಕೂರುತ್ತಾರೆ. ಅಧಿಕಾರಿ ಒಂದು ಅಂಕಿ ಹೇಳಿದರೆ ಸದಸ್ಯರು ಇವರ ಕಡೆ ತಿರುಗಿ, ನೀವೇನು ಹೇಳುತ್ತೀರಿ ಅಂತ ಕೇಳಬಹುದು. ಮೇ ತಿಂಗಳಲ್ಲಿ ಗವರ್ನರ್ ಅಂಕಿಗಳನ್ನು ತಿದ್ದಿ ಕೊಡುತ್ತಾರೆ, ಇವರು ಮತ್ತೆ ಓದುತ್ತಾರೆ. ಜೂನ್ 15ರ ಒಳಗೆ ಸದನ ಬಜೆಟ್ ಮುಗಿಸಬೇಕು. ಐದು ತಿಂಗಳು ಓದಲು ಸಿಗುತ್ತದೆ. ಜನರೇ ನೇರವಾಗಿ ಮತ ಹಾಕುವ ಪ್ರಸ್ತಾಪಗಳಿದ್ದರೆ, ಅದರಿಂದ ರಾಜ್ಯಕ್ಕೆ ಖರ್ಚೆಷ್ಟು, ಉಳಿತಾಯವೆಷ್ಟು ಅಂತ ಮತದಾರರ ಕೈಪಿಡಿಗೆ ಬರೆದುಕೊಡುವುದೂ ಇದೇ ಕಚೇರಿ. ನನಗೆ ಹೊಟ್ಟೆಕಿಚ್ಚಾಗಿದ್ದು ಇಲ್ಲೇ. ಅಲ್ಲಿ ಮತದಾರನಿಗೂ ಲೆಕ್ಕ ಕೊಡುತ್ತಾರೆ, ಇಲ್ಲಿ ಶಾಸಕರಿಗೇ ಇಲ್ಲ.

ಪಕ್ಷಪಾತ ಇಲ್ಲದೆ ಇರಲು ಸಾಧ್ಯವಾ ಅಂತ ನೀವು ಕೇಳುತ್ತೀರಿ. ಅಲನ್ ಪೋಸ್ಟ್ ಅನ್ನುವವರು 1949ರಿಂದ 1977ರವರೆಗೆ ಆ ಕಚೇರಿಯ ಮುಖ್ಯಸ್ಥರಾಗಿದ್ದರು. ಅಷ್ಟರಲ್ಲಿ ಐದು ಗವರ್ನರ್‌ಗಳು ಬಂದರು, ಮೂವರು ಒಂದು ಪಕ್ಷದವರು, ಇಬ್ಬರು ಇನ್ನೊಂದು. ಅವರಲ್ಲಿ ಒಬ್ಬರು ಆಮೇಲೆ ಅಮೆರಿಕದ ಅಧ್ಯಕ್ಷರಾದ ರೇಗನ್. ಗವರ್ನರ್ ಬದಲಾದರು, ವಿಶ್ಲೇಷಕ ಬದಲಾಗಲಿಲ್ಲ. ಅವರ ಕುರ್ಚಿ ಗವರ್ನರ್ ಕೈಯಲ್ಲಿ ಇರಲಿಲ್ಲ, ಅಷ್ಟೇ ಗುಟ್ಟು.

ಆ ಕಚೇರಿಯ ಮಾತು ವೇದವಾಕ್ಯ ಅಂತಲೂ ಅಲ್ಲ. 2023ರ ಡಿಸೆಂಬರ್‌ನಲ್ಲಿ ಅದು ಮುಂದಿನ ಬಜೆಟ್ಟಿಗೆ 68 ಬಿಲಿಯನ್ ಡಾಲರ್ ಕೊರತೆ ಬೀಳುತ್ತದೆ ಅಂದಿತು. ಮುಂದಿನ ತಿಂಗಳು ಗವರ್ನರ್ ಹೇಳಿದ್ದು ಸುಮಾರು 38 ಬಿಲಿಯನ್. ಇಷ್ಟು ಅಂತರ! ಆ ವರ್ಷ ಬಿರುಗಾಳಿ ಮಳೆ, ಪ್ರವಾಹದ ಕಾರಣಕ್ಕೆ ತೆರಿಗೆ ಕಟ್ಟುವ ಗಡುವನ್ನು ನವೆಂಬರ್‌ವರೆಗೆ ಮುಂದೂಡಿದ್ದರು, ಹಾಗಾಗಿ ಆದಾಯ ಎಷ್ಟು ಕುಸಿದಿದೆ ಅಂತ ಗೊತ್ತಾಗಿದ್ದೇ ತಡವಾಗಿ. ಜೊತೆಗೆ ಕೊರತೆಯೊಳಗೆ ಏನೇನು ಸೇರಿಸಬೇಕು ಅನ್ನುವುದರಲ್ಲೂ ಇಬ್ಬರ ಲೆಕ್ಕ ಬೇರೆ. ಆದರೆ ಎರಡೂ ಅಂಕಿ ಬಹಿರಂಗವಾಗಿದ್ದವು. ಪತ್ರಕರ್ತರು, ಶಾಸಕರು ಎರಡನ್ನೂ ಪಕ್ಕಪಕ್ಕ ಇಟ್ಟು ಪ್ರಶ್ನೆ ಕೇಳಿದರು. ಜಗಳ ಅಂಕಿಯ ಮೇಲೆ ನಡೆಯಿತು. ನಮ್ಮಲ್ಲಿ ಬಜೆಟ್ ಚರ್ಚೆ ಹೇಗೆ ನಡೆಯುತ್ತದೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ.

ವಾಷಿಂಗ್ಟನ್ನಿನ ಸಂಸತ್ತಿಗೂ ಇಂಥದೇ ಕಚೇರಿ ಇದೆ. ಸದನ ಒಪ್ಪಿದ ಹಣವನ್ನು ಅಧ್ಯಕ್ಷ ನಿಕ್ಸನ್ ಖರ್ಚು ಮಾಡದೆ ತಡೆಹಿಡಿದ ಜಗಳದ ನಂತರ 1974ರ ಕಾಯ್ದೆಯಲ್ಲಿ ಹುಟ್ಟಿದ್ದು. 1994ರಲ್ಲಿ ಅದು ಕ್ಲಿಂಟನ್ ಅವರ ಆರೋಗ್ಯ ಯೋಜನೆಗೆ ಇಷ್ಟವಾಗದ ಲೆಕ್ಕ ಕೊಟ್ಟಿತು. 2017ರಲ್ಲಿ ಟ್ರಂಪ್ ಪಕ್ಷದವರ ಆರೋಗ್ಯ ಮಸೂದೆಯಿಂದ ಹತ್ತು ವರ್ಷದಲ್ಲಿ 2.4 ಕೋಟಿ ಜನ ಹೆಚ್ಚಾಗಿ ವಿಮೆ ಇಲ್ಲದೆ ಉಳಿಯುತ್ತಾರೆ ಅಂದಿತು. ಆಗ ಅದರ ಮುಖ್ಯಸ್ಥರನ್ನು ನೇಮಿಸಿದ್ದು ಅದೇ ಪಕ್ಷ! ಸಿಟ್ಟಾದ ಕೆಲವರು ಆ ಕಚೇರಿಯ ಬಜೆಟ್ ವಿಭಾಗವನ್ನೇ ಮುಚ್ಚಲು ಹೊರಟರು. ಸದನ ಒಪ್ಪಲಿಲ್ಲ.

ಅಮೆರಿಕದಲ್ಲಿ ಸರಿ, ಅಲ್ಲಿ ಶಾಸಕ ತನ್ನ ಮನಸ್ಸಿನಂತೆ ಮತ ಹಾಕಬಹುದು, ನಮಗೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ವಿಪ್ ಇದೆ, ಮೀರಿದರೆ ಸ್ಥಾನ ಕಳೆಯುವ ಹತ್ತನೇ ಶೆಡ್ಯೂಲ್ ಇದೆ, ವರದಿ ಓದಿ ಏನು ಮಾಡಲಿ ಅಂತ ನಿಮ್ಮಲ್ಲಿ ಅನೇಕರು ಅಂದುಕೊಳ್ಳುತ್ತಿರಬಹುದು. ನ್ಯಾಯವಾದ ಮಾತು. ನಾನು ಕೇಳಿದ ಆಕ್ಷೇಪಗಳಲ್ಲಿ ತೂಕ ಇರುವುದು ಇದಕ್ಕೊಂದಕ್ಕೆ. ಆದರೆ ಆಸ್ಟ್ರೇಲಿಯಾ ನೋಡಿ. ಅಲ್ಲಿ ನಮ್ಮ ಹಾಗೆಯೇ ಪ್ರಧಾನಿ, ಬಹುಮತ, ಬಿಗಿಯಾದ ಪಕ್ಷ ಶಿಸ್ತು. ಅಲ್ಲೂ 2012ರಲ್ಲಿ ಸಂಸತ್ತಿನ ಬಜೆಟ್ ಕಚೇರಿ ಶುರುವಾಯಿತು. ಯಾವ ಸದಸ್ಯರು ಬೇಕಾದರೂ ಗುಟ್ಟಾಗಿ ಹೋಗಿ, ನನ್ನ ತಲೆಯಲ್ಲಿ ಇಂಥ ಯೋಜನೆ ಇದೆ, ಖರ್ಚೆಷ್ಟಾದೀತು ಅಂತ ಕೇಳಬಹುದು. ಚುನಾವಣೆ ಮುಗಿದ ಮೇಲೆ ದೊಡ್ಡ ಪಕ್ಷಗಳು ಕೊಟ್ಟ ಭರವಸೆಗಳಿಗೆಲ್ಲ ಎಷ್ಟು ಹಣ ಬೇಕು ಅಂತ ಆ ಕಚೇರಿ ವರದಿ ಹೊರಡಿಸುತ್ತದೆ. ಅದು ಬರುತ್ತದೆ ಅಂತ ಗೊತ್ತಿದ್ದರೆ ಪ್ರಣಾಳಿಕೆ ಬರೆಯುವವರ ಕೈ ಸ್ವಲ್ಪ ನಡುಗುತ್ತದೆ. ವಿಪ್ ಕಟ್ಟಿಹಾಕುವುದು ನಿಮ್ಮ ಮತವನ್ನು. ನಿಮ್ಮ ಪ್ರಶ್ನೆಯನ್ನಲ್ಲ. ಆಳುವ ಪಕ್ಷದ ಶಾಸಕರಿಗೂ ತಮ್ಮ ತಾಲೂಕಿನ ನೀರಾವರಿ ಕೆಲಸಕ್ಕೆ ಇಟ್ಟ ಹಣ ಈ ವರ್ಷ ಎಷ್ಟು ಖರ್ಚಾಯಿತು ಅಂತ ತಿಳಿಯಬೇಡವೇ? ಮಂತ್ರಿಗಳ ಬಾಗಿಲಲ್ಲಿ ಕಾಯದೆ ತಿಳಿಯಬೇಡವೇ?

ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಇದೆಯಲ್ಲ ಅನ್ನುವವರೂ ಇದ್ದಾರೆ. ಸಿಎಜಿ ನೋಡುವುದು ಖರ್ಚಾದ ಹಣವನ್ನು. ವರದಿ ಸದನಕ್ಕೆ ಬರುವ ಹೊತ್ತಿಗೆ ಎಷ್ಟೋ ಸಲ ಮಂತ್ರಿಯೂ ಬದಲಾಗಿರುತ್ತಾರೆ. ನಾನು ಕೇಳುತ್ತಿರುವುದು ಖರ್ಚಿಗೆ ಮೊದಲಿನ ಓದು.

ದೇಶದ ಮಟ್ಟದಲ್ಲಿ ಈ ಮಾತು ಬಂದಿಲ್ಲ ಅಂತಲ್ಲ. ಸರ್ಕಾರದ ಬಜೆಟ್ ಲೆಕ್ಕವನ್ನು ಹೊರಗಿನಿಂದ ನೋಡುವ ಸ್ವತಂತ್ರ ವಿತ್ತ ಮಂಡಳಿ ಬೇಕು ಅಂತ 14ನೇ ಹಣಕಾಸು ಆಯೋಗ ಅಂದಿತ್ತು. 2017ರಲ್ಲಿ ವಿತ್ತೀಯ ಶಿಸ್ತಿನ ಕಾಯ್ದೆ ಪರಿಶೀಲಿಸಿದ ಎನ್.ಕೆ. ಸಿಂಗ್ ಸಮಿತಿಯೂ ಅಂದಿತು, 15ನೇ ಆಯೋಗವೂ ಅಂದಿತು. ಕಪಾಟು ಸೇರಿತು. ದೆಹಲಿ ಮಾಡಲಿ ಅಂತ ಕಾಯುವುದಾದರೆ ಕಾಯುತ್ತಲೇ ಇರಬೇಕು. ಅದೂ ಅಲ್ಲದೆ ಇದರ ಬೇರು ನಿಮ್ಮ ನೆಲದಲ್ಲೇ ಇದೆ.

ಪುಣೆಯ ಗೋಪಾಲ ಕೃಷ್ಣ ಗೋಖಲೆ 1902ರಲ್ಲಿ ವೈಸ್‌ರಾಯ್ ಸಭೆಯಲ್ಲಿ ಮೊದಲ ಬಜೆಟ್ ಭಾಷಣ ಮಾಡಿದರು. ಖಜಾನೆ ತುಂಬಿದೆ, ಹಣ ಮಿಕ್ಕಿದೆ ಅಂತ ಸರ್ಕಾರ ಬೀಗುತ್ತಿತ್ತು. ಬರದಲ್ಲಿ ಸಾಯುವ ಜನರಿಂದ ಬೇಕಾದ್ದಕ್ಕಿಂತ ಜಾಸ್ತಿ ತೆರಿಗೆ ಎಳೆದರೆ ಮಿಗದೆ ಏನಾಗುತ್ತದೆ ಅನ್ನುವುದನ್ನು ಗೋಖಲೆ ಸರ್ಕಾರದ ಅಂಕಿಗಳಿಂದಲೇ ತೋರಿಸಿದರು. ಉಪ್ಪಿನ ತೆರಿಗೆ ಇಳಿಸಿ ಅಂದರು. ಮುಂದಿನ ವರ್ಷ ಉಪ್ಪಿನ ತೆರಿಗೆ ಮಣಕ್ಕೆ ಎರಡೂವರೆ ರೂಪಾಯಿಯಿಂದ ಎರಡಕ್ಕೆ ಇಳಿಯಿತು. ಆ ಸಭೆಯಲ್ಲಿ ಸರ್ಕಾರವನ್ನು ಸೋಲಿಸುವ ಮತ ಅವರ ಬಳಿ ಇರಲಿಲ್ಲ, ನೆನಪಿಡಿ. ಇದ್ದದ್ದು ಲೆಕ್ಕ. ಆ ಲೆಕ್ಕದ ಹಿಂದೆ ಇನ್ನೊಬ್ಬರು ಇದ್ದರು. ಗಣೇಶ ವ್ಯಂಕಟೇಶ ಜೋಶಿ, ಸೋಲಾಪುರದ ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರರಾಗಿದ್ದವರು. ಸರ್ಕಾರದ ವರದಿಗಳನ್ನು ಅರೆದು ಕುಡಿದವರು. ಗೋಖಲೆಯವರ ಭಾಷಣಗಳಿಗೆ ಅಂಕಿ ಜೋಡಿಸಿ ಕೊಡುತ್ತಿದ್ದವರು ಅವರೇ. ಗೋಖಲೆಯಂಥ ಗೋಖಲೆಗೇ ಒಬ್ಬ ಜೋಶಿ ಬೇಕಾಯಿತು. ನಿಮಗೆ ಬೇಡ ಅಂದರೆ ಹೇಗೆ? ಬೆಂಗಳೂರಿನಲ್ಲಿ ಡಿವಿಜಿ 1945ರಲ್ಲಿ ಗೋಖಲೆ ಹೆಸರಿನಲ್ಲೇ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು, ಹಾಗಾಗಿ ನಮಗೆ ಕನ್ನಡಿಗರಿಗೂ ಈ ಹೆಸರು ಮನೆಯ ಹೆಸರೇ.

ಜತ್ತ, ಅಕ್ಕಲಕೋಟೆ, ದಕ್ಷಿಣ ಸೋಲಾಪುರದ ಸದಸ್ಯರಿಗೆ ಒಂದು ಮಾತು. ನಿಮ್ಮ ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ರಾಜ್ಯ ಆ ಶಾಲೆಗಳಿಗೆ ವರ್ಷಕ್ಕೆ ಎಷ್ಟು ಖರ್ಚು ಮಾಡುತ್ತದೆ? ಬಜೆಟ್ ಪುಸ್ತಕದಲ್ಲಿ 2202 ಅನ್ನುವ ಲೆಕ್ಕಶೀರ್ಷಿಕೆಯ ಕೆಳಗೆ ಸಾಮಾನ್ಯ ಶಿಕ್ಷಣದ ಹಣವೆಲ್ಲ ಇದೆ. ಆದರೆ ಅಲ್ಲಿ ಹಣ ಹಂಚಿರುವುದು ಪ್ರಾಥಮಿಕ, ಮಾಧ್ಯಮಿಕ, ಜಿಲ್ಲಾ ಪರಿಷತ್ತಿನ ಅನುದಾನ ಅಂತ. ಕನ್ನಡ, ಉರ್ದು, ತೆಲುಗು, ಗುಜರಾತಿ ಅಂತಲ್ಲ. ನಿಮ್ಮ ಪಿ.ಎ. ವರ್ಷವಿಡೀ ಹುಡುಕಿದರೂ ಉತ್ತರ ಸಿಗುವುದು ಕಷ್ಟ. ಇಲಾಖೆಯಿಂದ ಅಂಕಿ ತರಿಸಿಕೊಳ್ಳುವ ಹಕ್ಕಿರುವ ಕಚೇರಿಗೆ ಅದು ಒಂದು ವಾರದ ಕೆಲಸ. ಆ ಹಕ್ಕು ಮುಖ್ಯ. ಅದಿಲ್ಲದೆ ಕಚೇರಿ ತೆರೆದರೆ ಸುಮ್ನೆ ಇನ್ನೊಂದು ಬೋರ್ಡು, ಇನ್ನೊಂದು ಕಾರು.

ಅದೇ ರೀತಿ ಮುಖ್ಯಸ್ಥರ ನೇಮಕ ಮಂತ್ರಿಮಂಡಲದಿಂದ ಆಗಬಾರದು. ಸ್ಪೀಕರ್, ಪರಿಷತ್ತಿನ ಸಭಾಪತಿ, ಎರಡೂ ಸದನದ ವಿರೋಧ ಪಕ್ಷದ ನಾಯಕರು ಸೇರಿ ಮಾಡಲಿ. ವಿರೋಧ ಪಕ್ಷದ ನಾಯಕರ ಕುರ್ಚಿ ಖಾಲಿ ಇದ್ದರೆ ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲಿರುವ ವಿರೋಧ ಪಕ್ಷದ ಸದಸ್ಯರೊಬ್ಬರು ಇರಲಿ. ಆರು ವರ್ಷದ ಅವಧಿ ಕೊಟ್ಟರೆ ಒಂದು ಚುನಾವಣೆ ದಾಟುತ್ತದೆ. ವರದಿ ಸದಸ್ಯರ ಕೈ ಸೇರಿದ ದಿನವೇ ಎಲ್ಲರಿಗೂ ಸಿಗಲಿ, ಸರಳ ಮರಾಠಿಯಲ್ಲಿ ಇರಲಿ. ಯೋಜನೆ ಒಳ್ಳೆಯದೋ ಕೆಟ್ಟದ್ದೋ ಅಂತ ಆ ಕಚೇರಿ ಹೇಳಬೇಕಾ? ಕ್ಯಾಲಿಫೋರ್ನಿಯಾದವರು ಸಲಹೆ ಕೊಡುತ್ತಾರೆ, ವಾಷಿಂಗ್ಟನ್ನಿನವರು ಬರೀ ಲೆಕ್ಕ ಕೊಡುತ್ತಾರೆ. ಮೊದಲ ಹತ್ತು ವರ್ಷ ಲೆಕ್ಕ ಮಾತ್ರ ಸಾಕು ಅನ್ನುವುದು ನನ್ನ ಅಭಿಪ್ರಾಯ. ನಂಬಿಕೆ ಹುಟ್ಟಲು ಅಷ್ಟು ಕಾಲ ಬೇಕು.

ಜನ ಸಿಗುವುದಿಲ್ಲ ಅನ್ನಬೇಡಿ. 1930ರಿಂದ ಅರ್ಥಶಾಸ್ತ್ರ ಕಲಿಸುತ್ತಿರುವ ಗೋಖಲೆ ಸಂಸ್ಥೆ ಪುಣೆಯಲ್ಲಿದೆ, ಮುಂಬಯಿ ವಿಶ್ವವಿದ್ಯಾಲಯ ಇದೆ, ರಿಸರ್ವ್ ಬ್ಯಾಂಕಿನಿಂದ ನಿವೃತ್ತರಾದವರು ಈ ನಗರದ ಪ್ರತಿ ಉಪನಗರದಲ್ಲೂ ಸಿಗುತ್ತಾರೆ. ಇಪ್ಪತ್ತು ಜನರಿಂದ ಶುರು ಮಾಡಬಹುದು. ಕಾಯ್ದೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಸಂವಿಧಾನದ 187ನೇ ವಿಧಿ ವಿಧಾನಮಂಡಲಕ್ಕೆ ತನ್ನದೇ ಸಿಬ್ಬಂದಿ ಇರಬೇಕು ಅನ್ನುತ್ತದೆ. ಆ ಸಚಿವಾಲಯದ ಒಳಗೇ ಒಂದು ಸಣ್ಣ ಘಟಕ ತೆರೆದು, ನಾಗಪುರದಲ್ಲಿ ನಡೆಯುವ ಮುಂದಿನ ಚಳಿಗಾಲದ ಅಧಿವೇಶನಕ್ಕೆ ಬರುವ ಪೂರಕ ಬೇಡಿಕೆಗಳ ಪುಸ್ತಕವನ್ನು ಅದರ ಕೈಗೆ ಕೊಡಿ. ಪುಸ್ತಕ ಮಂಡನೆಗೂ ಮತಕ್ಕೂ ನಡುವೆ ಕನಿಷ್ಠ ಐದು ದಿನ ಅಂತರ ಇರಲಿ ಅಂತ ನಿಯಮ ಸಮಿತಿಯಲ್ಲಿ ಒಬ್ಬರಾದರೂ ಎದ್ದು ಕೇಳಿ. ಯಾರು ಕೇಳಿದಿರಿ ಅಂತ ನಾನು ಕಲಾಪದ ವರದಿಯಲ್ಲಿ ನೋಡುತ್ತೇನೆ.

ವಂದನೆಗಳೊಂದಿಗೆ,
ಡೊಂಬಿವಲಿಯ ಒಬ್ಬ ಲೆಕ್ಕಿಗ